ಹೆಬ್ಬೆಟ್ಟು ಒತ್ತೋ ಮುಂಚೆ ಚೀಟಿ ಕೇಳಿ

(ಹೋಬಳಿ ರೈತರ ಸಭೆಯೊಂದರಲ್ಲಿ ಮಾಡಿದ ಭಾಷಣ. ಮಾತಿನ ಧಾಟಿಯನ್ನು ಹೆಚ್ಚು ತಿದ್ದದೆ ಅಚ್ಚು ಮಾಡಿದ್ದೇವೆ.)



ಬೆಂಬಲ ಬೆಲೆ, ಸಾಲ, ಜಪ್ತಿ ಇವುಗಳ ಬಗ್ಗೆ ಮಾತಾಡುವುದಕ್ಕೆ ನನಗಿಂತ ಬಲ್ಲವರು ಈ ವೇದಿಕೆ ಮೇಲೆ ಕೂತಿದ್ದಾರೆ. ನನಗೆ ಕೊಟ್ಟಿರುವ ವಿಷಯ ಬೇರೆ. ನಮ್ಮ ಜೇಬಿನಲ್ಲಿರೋ ಫೋನು, ಅದರೊಳಗಿನ ವೆಬ್‌ಸೈಟುಗಳು, ಹೋಬಳಿ ಕೇಂದ್ರದ ಸೇವಾ ಕೇಂದ್ರದವನ ಕಂಪ್ಯೂಟರು, ಇವುಗಳ ಜೊತೆ ನಾನು ಪಟ್ಟ ಪಾಡನ್ನು ಹೇಳು ಅಂತ ಅಧ್ಯಕ್ಷರ ಅಪ್ಪಣೆ. ನಾನು ಇದರಲ್ಲಿ ಪಂಡಿತ ಅಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ನೇಗಿಲು ಹಿಡಿದವನು. ಆರು ಎಕರೆ ಖುಷ್ಕಿ, ಒಂದು ಎಕರೆ ತೆಂಗು, ಎರಡು ಹಸ. ಮಗ ಬೆಂಗಳೂರಿಗೆ ಹೋಗುವಾಗ ತನ್ನ ಹಳೇ ಫೋನು ಕೊಟ್ಟು ಹೋದ. ಅವತ್ತಿನಿಂದ ಕಲಿತದ್ದು ಅಷ್ಟೂ ಕಳಕೊಂಡೇ ಕಲಿತದ್ದು. ಏನು ಕಳಕೊಂಡೆ ಅನ್ನೋ ಲೆಕ್ಕವನ್ನೇ ಇವತ್ತು ಒಪ್ಪಿಸ್ತೀನಿ.

ಮೊದಲಿಗೆ ಒಂದು ಮಾತು. ಕಂಪ್ಯೂಟರು ಬಂದದ್ದರಿಂದ ರೈತ ಹಾಳಾದ ಅಂತ ಹೇಳೋಕೆ ನಾನು ಬಂದಿಲ್ಲ. ಹಾಗೆ ಹೇಳಿದರೆ ಸುಳ್ಳಾಗುತ್ತೆ. ಪಹಣಿ ವಿಚಾರವನ್ನೇ ತಗೊಳ್ಳಿ. ನಮ್ಮ ಅಪ್ಪನ ಕಾಲದಲ್ಲಿ ಒಂದು ಪಹಣಿ ಬೇಕಾದರೆ ಮೂರು ದಿನ ಅಲೆಯಬೇಕಿತ್ತು. ಲೆಕ್ಕದ ಪುಸ್ತಕ ಗ್ರಾಮ ಲೆಕ್ಕಿಗರ ಚೀಲದಲ್ಲಿ, ಲೆಕ್ಕಿಗರು ಎಲ್ಲಿದ್ದಾರೆ ಅನ್ನೋದು ದೇವರಿಗೇ ಗೊತ್ತು. ಸಿಕ್ಕಿದರೂ ಬರಿಗೈಲಿ ಹೋಗೋ ಹಾಗಿರಲಿಲ್ಲ. ಒಬ್ಬನ ಜಮೀನು ರಾತ್ರೋರಾತ್ರಿ ಇನ್ನೊಬ್ಬನ ಹೆಸರಿಗೆ ತಿದ್ದಿಕೊಂಡ ಕತೆಗಳು ಪ್ರತಿ ಊರಲ್ಲೂ ಇದ್ದವು. 2000ದ ಸುಮಾರಿಗೆ 'ಭೂಮಿ' ಯೋಜನೆ ಬಂತು. ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿದರು. ಕೈಬರಹದ ಪಹಣಿ ನಡೆಯೋದಿಲ್ಲ ಅಂದರು. ತಾಲ್ಲೂಕು ಆಫೀಸಿನ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಅಲ್ಲೇ ಅಚ್ಚಾಗಿ ಬಂತು. ಅದು ಸಣ್ಣ ಕೆಲಸ ಅಲ್ಲ. ಈಗ ಮನೇಲಿ ಕೂತು ಫೋನಿನಲ್ಲೇ, ಒಂದು ಪೈಸೆ ಕೊಡದೆ, ನೋಡಬಹುದು. ಸಹಿಯಿರೋ ಪ್ರತಿ ಬೇಕಾದರೆ ಮಾತ್ರ ದುಡ್ಡು.

ಆದರೆ ನೋಡಬಹುದು ಅನ್ನೋದು ಬೇರೆ, ನೋಡ್ತೀವಿ ಅನ್ನೋದು ಬೇರೆ. ಇಲ್ಲಿ ಕೂತಿರೋರಲ್ಲಿ ಈ ವರ್ಷ ತನ್ನ ಪಹಣಿಯನ್ನು ಫೋನಿನಲ್ಲಿ ತೆಗೆದು ಕಲಂ ಕಲಂ ಓದಿದವರು ಎಷ್ಟು ಜನ? ಕೈ ಎತ್ತಿ ಅಂತ ಕೇಳಲ್ಲ, ನನಗೇ ನಾಚಿಕೆ ಆಗುತ್ತೆ. ನಾನೂ ಓದಿದವನಲ್ಲ. 2022ರಲ್ಲಿ ಒಂದು ಮಳೆ ರಾತ್ರಿ ಕರೆಂಟಿಲ್ಲ, ಮಗ ರಜಕ್ಕೆ ಬಂದಿದ್ದ, ಹೊತ್ತು ಹೋಗದೆ ಸರ್ವೆ ನಂಬರು ಹಾಕಿ ತೆಗೆದ. ಒಂಬತ್ತನೇ ಕಲಂನಲ್ಲಿ ನನ್ನ ಹೆಸರು ಸರಿಯಾಗಿತ್ತು. ಹನ್ನೊಂದನೇ ಕಲಂ, ಅಂದರೆ ಹಕ್ಕು ಮತ್ತು ಋಣಗಳ ಕಲಂ ನೋಡಿದರೆ ಒಂದು ಬ್ಯಾಂಕಿನ ಹೆಸರು, ಎದುರಿಗೆ 1,80,000 ರೂಪಾಯಿ ಸಾಲ. 'ಅಪ್ಪ, ಇದು ತೀರಿಸಿಲ್ವಾ?' ಅಂದ. ನನಗೆ ಎದೆ ಧಸಕ್ ಅಂತು. 2019ರಲ್ಲೇ, ತೆಂಗಿನ ಕಾಯಿ ಮಾರಿ, ನನ್ನ ಹೆಂಡತಿಯ ಒಂದೆಳೆ ಸರ ಮಾರಿ, ಬಡ್ಡಿ ಸಮೇತ ಚುಕ್ತಾ ಮಾಡಿದ ಸಾಲ ಅದು.

ಮಾರನೇ ದಿನ ಬ್ಯಾಂಕಿಗೆ ಓಡಿದೆ. ಅಲ್ಲಿದ್ದ ಹುಡುಗ ಕಂಪ್ಯೂಟರು ನೋಡಿ 'ನಮ್ಮಲ್ಲಿ ಕ್ಲೋಸ್ ಆಗಿದೆಯಲ್ಲ' ಅಂದ. ನಾಡಕಚೇರಿಗೆ ಹೋದರೆ 'ನಮ್ಮಲ್ಲಿ ಹಾಗೇ ಇದೆಯಲ್ಲ' ಅಂದರು. ಇಬ್ಬರ ಮಾತೂ ನಿಜ. ಬ್ಯಾಂಕಿನ ಕಂಪ್ಯೂಟರಿಗೆ ಸಾಲ ತೀರಿದ ವಿಷಯ ಗೊತ್ತು, ಕಂದಾಯ ಇಲಾಖೆಯ ಕಂಪ್ಯೂಟರಿಗೆ ಗೊತ್ತಿಲ್ಲ. ಸಾಲ ಕೊಡುವಾಗ ಹೊರೆ ಏರಿಸಿ ಅಂತ ಬ್ಯಾಂಕು ತಾನೇ ಮುತುವರ್ಜಿ ವಹಿಸಿ ಕಾಗದ ಕಳಿಸುತ್ತೆ. ತೀರಿದ ಮೇಲೆ ಹೊರೆ ಇಳಿಸಿ ಅಂತ ಕಳಿಸೋದಕ್ಕೆ ಯಾರಿಗೂ ಅವಸರವಿಲ್ಲ. ಸಾಲ ತೀರಿದ್ದಕ್ಕೆ ಬ್ಯಾಂಕಿನಿಂದ ಋಣಮುಕ್ತ ಪತ್ರ ಬರೆಸಿಕೊಂಡು, ಅದನ್ನು ಕೊಟ್ಟು, ಹೊರೆ ಇಳಿಸೋಕೆ ಅರ್ಜಿ ಹಾಕಿ, ಮ್ಯುಟೇಷನ್ ಆಗಿ, ಪಹಣಿಯಲ್ಲಿ ಆ ಸಾಲು ಹೋಗೋ ಹೊತ್ತಿಗೆ ನಾಲ್ಕು ತಿಂಗಳು. ಅಷ್ಟರಲ್ಲಿ ಸೊಸೈಟಿಯಲ್ಲಿ ಬೆಳೆಸಾಲಕ್ಕೆ ಹಾಕಿದ್ದ ಅರ್ಜಿ ಆ ವರ್ಷಕ್ಕೆ ಕೈತಪ್ಪಿತು. 'ನಿಮ್ಮ ಜಮೀನಿನ ಮೇಲೆ ಇನ್ನೊಂದು ಬ್ಯಾಂಕಿನ ಸಾಲ ಇದೆ' ಅಂದರು. ಗೊಬ್ಬರಕ್ಕೆ ಅಂಗಡಿಯವರ ಹತ್ತಿರ ಉದ್ದರಿ. ಅಂಗಡಿಯ ಉದ್ದರಿ ಅಂದರೆ ಏನು ಅಂತ ನಿಮಗೆ ನಾನು ವಿವರಿಸಬೇಕಾಗಿಲ್ಲ.

ಅದಕ್ಕೇ ಹೇಳ್ತೀನಿ, ಸಾಲ ತೀರಿಸಿದ ದಿನ ಬ್ಯಾಂಕಿನಿಂದ ಬರೀ ರಸೀತಿ ಇಸಕೊಂಡು ಬರಬೇಡಿ. ಋಣಮುಕ್ತ ಪತ್ರ ಕೇಳಿ. ಎರಡು ತಿಂಗಳು ಬಿಟ್ಟು ಪಹಣಿ ತೆಗೆದು ಹನ್ನೊಂದನೇ ಕಲಂ ನೋಡಿ. ಅಪ್ಪನ ಹೆಸರಲ್ಲೇ ಇನ್ನೂ ಪಹಣಿ ಇದ್ದರೆ ಪೌತಿ ಖಾತೆ ಮಾಡಿಸಿಕೊಳ್ಳಿ. ಸತ್ತವರಿಗೆ ಯಾವ ವೆಬ್‌ಸೈಟೂ ದುಡ್ಡು ಕೊಡೋದಿಲ್ಲ.

ಎರಡನೇದು ರಾಗಿ ಕತೆ. 2022-23ರಲ್ಲಿ ರಾಗಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 3,578 ರೂಪಾಯಿ. ನನ್ನ ಹತ್ತಿರ ಮಾರೋದಕ್ಕೆ 18 ಕ್ವಿಂಟಾಲಿತ್ತು. ಖರೀದಿ ಕೇಂದ್ರಕ್ಕೆ ಹೆಸರು ಬರೆಸೋಕೆ ಹೋದೆ. 'ಫ್ರೂಟ್ಸ್' ಗುರುತಿನ ನಂಬರು ಕೇಳಿದರು, ಕೊಟ್ಟೆ. ಹುಡುಗ ಕಂಪ್ಯೂಟರು ನೋಡಿ 'ನಿಮ್ಮ ಈ ಸರ್ವೆ ನಂಬರಿನಲ್ಲಿ ರಾಗಿ ಇಲ್ಲ, ಹುರುಳಿ ಇದೆ' ಅಂದ. ಮೂಟೆ ಗಾಡಿ ಮೇಲಿದೆ, ಬಿಚ್ಚಿ ತೋರಿಸ್ತೀನಿ ಅಂದೆ. 'ಮೂಟೆಯಲ್ಲಿ ಇರೋದು ನಂಗೆ ಬೇಡ ಯಜಮಾನ್ರೆ, ಬೆಳೆ ಸಮೀಕ್ಷೆಯಲ್ಲಿ ಇರೋದು ಬೇಕು' ಅಂದ. ಅವನ ತಪ್ಪೇನೂ ಇಲ್ಲ. ಆ ವರ್ಷ ಸಮೀಕ್ಷೆ ಮಾಡೋ ಹುಡುಗ ಹೊಲಕ್ಕೆ ಬಂದಾಗ ನಾನು ಊರಲ್ಲಿರಲಿಲ್ಲ. ಬದುವಿನ ಪಕ್ಕದಲ್ಲಿ ನಾಲ್ಕು ಸಾಲು ಹುರುಳಿ ಇತ್ತು, ಅದರ ಫೋಟೋ ಹೊಡೆದುಕೊಂಡು ಹೋಗಿದ್ದಾನೆ. ಆಕ್ಷೇಪಣೆ ಹಾಕೋಕೆ ಅವಕಾಶ ಇತ್ತು, 'ಬೆಳೆ ದರ್ಶಕ' ಅನ್ನೋ ಆ್ಯಪಿನಲ್ಲಿ ನೋಡಿ ತಕರಾರು ಹಾಕಬಹುದಿತ್ತು. ಅದು ನನಗೆ ಗೊತ್ತಾದಾಗ ವಾಯಿದೆ ಮುಗಿದಿತ್ತು. ರಾಗಿಯನ್ನು ಹೊರಗಡೆ 2,500ಕ್ಕೆ ಕೊಟ್ಟೆ. ಕ್ವಿಂಟಾಲಿಗೆ 1,078 ರೂಪಾಯಿ, 18 ಕ್ವಿಂಟಾಲಿಗೆ 19,404 ರೂಪಾಯಿ. ಒಂದು ಫೋಟೋದ ಬೆಲೆ ಇದು.

ಈ ಸಮೀಕ್ಷೆ ಬರೀ ಮಾರಾಟಕ್ಕಷ್ಟೇ ಅಲ್ಲ. ಬೆಳೆ ವಿಮೆಗೆ ನೀವು ರಾಗಿ ಅಂತ ಕಂತು ಕಟ್ಟಿ, ಸಮೀಕ್ಷೆಯಲ್ಲಿ ಹುರುಳಿ ಅಂತ ಇದ್ದರೆ, ಬೆಳೆ ಒಣಗಿದರೂ ಪರಿಹಾರ ತಿರಸ್ಕಾರ ಆಗಬಹುದು. ಬರ ಪರಿಹಾರಕ್ಕೂ ಅದೇ ಲೆಕ್ಕ ನೋಡ್ತಾರೆ. 2023ರ ಮುಂಗಾರಿನಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಯಿತಲ್ಲ, ಆಗ ಎಷ್ಟು ಜನ 'ನಮಗೆ ಬರಲಿಲ್ಲ' ಅಂತ ಬಾಯಿ ಬಾಯಿ ಬಿಟ್ಟರು. ಅದರಲ್ಲಿ ಕೆಲವರ ಜಮೀನು ಫ್ರೂಟ್ಸ್ ನಂಬರಿಗೆ ಸೇರಿಯೇ ಇರಲಿಲ್ಲ. ನಾಲ್ಕು ಸರ್ವೆ ನಂಬರಿದ್ದರೆ ಎರಡು ಸೇರಿಸಿ ಸುಮ್ಮನಾಗಿದ್ದರು. ರೈತರೇ ತಮ್ಮ ಫೋನಿನಿಂದ ಬೆಳೆ ಸಮೀಕ್ಷೆ ಮಾಡಿ ಕಳಿಸೋ ಆ್ಯಪು 2020ರಿಂದ ಇದೆ. ಹೊಲದಲ್ಲೇ ನಿಂತು ಮಾಡಬೇಕು, ಮನೇಲಿ ಕೂತು ಮಾಡಿದರೆ ಒಪ್ಪಲ್ಲ. ಕಷ್ಟ ಅನ್ನೋರು ಪಕ್ಕದ ಮನೆ ಪಿಯುಸಿ ಹುಡುಗನ್ನ ಕರೆದುಕೊಂಡು ಹೋಗಿ. ಅವನಿಗೆ ಎಳನೀರು ಕೊಡಿ, ಮಾಡಿಕೊಡ್ತಾನೆ.

ಪೇಟೆ ದರ ನೋಡೋ ವಿಚಾರದಲ್ಲಿ ಒಂದು ಮಾತು ಹೇಳಿ ಮುಂದೆ ಹೋಗ್ತೀನಿ. 'ಕೃಷಿ ಮಾರಾಟ ವಾಹಿನಿ' ವೆಬ್‌ಸೈಟಿನಲ್ಲಿ ದಿನದ ದರ ಇರುತ್ತೆ. ನಾನು ಮೊದಲ ಸಲ ನೋಡಿದಾಗ ಗರಿಷ್ಠ ದರದ ಕಲಂ ಮಾತ್ರ ನೋಡಿ ಕೊಬ್ಬರಿ ತುಂಬಿಕೊಂಡು ಹೊರಟೆ. ಅಲ್ಲಿ ನನಗೆ ಸಿಕ್ಕಿದ್ದು ಬೇರೆ. ಗರಿಷ್ಠ ಅಂದರೆ ಅವತ್ತು ಯಾವನೋ ಒಬ್ಬನ ಒಂದು ಲಾಟಿಗೆ ಸಿಕ್ಕ ಬೆಲೆ. 'ಮೋಡಲ್' ಅಂತ ಇನ್ನೊಂದು ಕಲಂ ಇದೆ, ಹೆಚ್ಚಿನ ಮಾಲು ಯಾವ ಬೆಲೆಗೆ ಹೋಯಿತು ಅನ್ನೋದು ಅದು. ಅದನ್ನು ನೋಡಿ. ತಾರೀಕೂ ನೋಡಿ. ಹೋದ ವಾರದ ದರ ನೋಡಿ ಇವತ್ತು ಗಾಡಿ ಕಟ್ಟಬೇಡಿ.

ಈಗ ನಾನು ನಿಜವಾಗಿ ಹೇಳಬೇಕು ಅಂದುಕೊಂಡು ಬಂದಿರೋ ವಿಷಯ. ನಮ್ಮವ್ವನದು.

ನಮ್ಮವ್ವನಿಗೆ ಆಗ ಎಪ್ಪತ್ತಾರು ವರ್ಷ. ತಿಂಗಳಿಗೆ 1,200 ರೂಪಾಯಿ ವೃದ್ಧಾಪ್ಯ ವೇತನ. ಎರಡು ಮೇಕೆ ಸಾಕಿ ಮಾರಿದ ದುಡ್ಡು, ವೇತನದಲ್ಲಿ ಉಳಿಸಿದ್ದು, ಎಲ್ಲ ಸೇರಿ ಖಾತೆಯಲ್ಲಿ 14,300 ರೂಪಾಯಿ. ಕಣ್ಣಿಗೆ ಪೊರೆ ಬಂದಿತ್ತು, ಬೇಸಿಗೆಯಲ್ಲಿ ಆಪರೇಷನ್ ಮಾಡಿಸೋಣ ಅಂತ ಮಾತಾಗಿತ್ತು. ನಿನ್ನ ದುಡ್ಡು ಬೇಡ ಕಣೋ, ನನ್ನ ದುಡ್ಡಲ್ಲೇ ಮಾಡಿಸ್ಕೋತೀನಿ ಅಂತ ಹಟ. 2023ರ ಫೆಬ್ರವರಿಯಲ್ಲಿ ವೇತನ ತಗೊಳ್ಳೋಕೆ ಹೋಬಳಿ ಕೇಂದ್ರದ ಸೇವಾ ಕೇಂದ್ರಕ್ಕೆ ಹೋದಳು. ನಾನು ಜೊತೆಗೆ ಹೋಗಬೇಕಿತ್ತು. ಅವತ್ತು ತೋಟಕ್ಕೆ ನೀರು ಬಿಡೋ ದಿನ, ಮೂರು ಗಂಟೆ ಕರೆಂಟು, ಬಿಟ್ಟು ಹೋಗೋ ಹಾಗಿರಲಿಲ್ಲ. ಆಟೋದಲ್ಲಿ ಕೂರಿಸಿ ಕಳಿಸಿದೆ.

ಅಲ್ಲಿದ್ದವನು ಆಧಾರ್ ನಂಬರು ಹೊಡೆದ, ಅವ್ವ ಹೆಬ್ಬೆಟ್ಟು ಒತ್ತಿದಳು. 1,200 ಎಣಿಸಿ ಕೊಟ್ಟ. 'ಅಜ್ಜಿ, ಬೆರಳು ಸರಿಯಾಗಿ ಕೂತಿಲ್ಲ, ಇನ್ನೊಂದ್ಸಲ ಒತ್ತು' ಅಂದ. ಒತ್ತಿದಳು. ಮಣ್ಣಲ್ಲಿ ಸವೆದ ಬೆರಳು, ಸರಿಯಾಗಿ ಕೂತಿಲ್ಲ ಅಂದರೆ ಯಾರಾದರೂ ನಂಬ್ತಾರೆ. ನಿಮ್ಮ ಬೆರಳೂ ಹಾಗೇ ಇದೆ, ನನ್ನದೂ ಹಾಗೇ ಇದೆ. ಚೀಟಿ ಕೊಡಲಿಲ್ಲ. ಅವ್ವ ಕೇಳಲಿಲ್ಲ. ಎರಡನೇ ಸಲ ಒತ್ತಿದ್ದಕ್ಕೆ 10,000 ರೂಪಾಯಿ ಹೋಗಿತ್ತು.

ಗೊತ್ತಾದದ್ದು ಏಪ್ರಿಲ್‌ನಲ್ಲಿ. ಆಸ್ಪತ್ರೆಗೆ ದುಡ್ಡು ತೆಗೆಯೋಕೆ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ಕು ಎಂಟ್ರಿ ಹಾಕಿಸಿದರೆ ಫೆಬ್ರವರಿಯ ಒಂದೇ ತಾರೀಕಿನಲ್ಲಿ ಎರಡು ಸಾಲು. 1,200 ಒಂದು, 10,000 ಒಂದು. ಅವ್ವ ಪಾಸ್‌ಬುಕ್ಕನ್ನು ತಿರುಗಿಸಿ ತಿರುಗಿಸಿ ನೋಡಿದಳು. ಓದೋಕೆ ಬರೋದಿಲ್ಲ ಅವಳಿಗೆ. 'ನಾನು ಅಷ್ಟೊಂದು ದುಡ್ಡು ಒಟ್ಟಿಗೆ ನೋಡೇ ಇಲ್ವಲ್ಲಪ್ಪ' ಅಂದಳು.

ದುಡ್ಡು ಕಡಿತ ಆದರೆ ಫೋನಿಗೆ ಮೆಸೇಜು ಬರಬೇಕಲ್ಲ ಅಂತ ನೀವು ಕೇಳಬಹುದು. ಬಂದಿದೆ. ಖಾತೆ ಮಾಡಿಸುವಾಗ ನಮ್ಮನೇಲಿ ಫೋನಿರಲಿಲ್ಲ, ತಂಗಿ ಮಗನ ನಂಬರು ಕೊಟ್ಟಿದ್ದೆವು. ಅವನು ಬೆಂಗಳೂರಿನಲ್ಲಿ ಗಾರ್ಮೆಂಟ್ಸಿನಲ್ಲಿದ್ದಾನೆ. ಮೆಸೇಜು ನೋಡಿದ್ದಾನೆ, ಅಜ್ಜಿ ದುಡ್ಡು ತಗೊಂಡಿದ್ದಾಳೆ ಅಂದುಕೊಂಡು ಸುಮ್ಮನಾಗಿದ್ದಾನೆ. ಅವನನ್ನು ಬೈದು ಏನು ಮಾಡೋದು? ನಂಬರು ಬದಲಾಯಿಸೋದು ನನ್ನ ಕೆಲಸ ಆಗಿತ್ತು. ಹತ್ತು ನಿಮಿಷದ ಕೆಲಸ, ಆರು ವರ್ಷ ಮುಂದೂಡಿದೆ.

ಸೇವಾ ಕೇಂದ್ರದವನು 'ನಂಗೆ ಗೊತ್ತೇ ಇಲ್ಲ, ಅಜ್ಜಿ ತಗೊಂಡು ಮರೆತಿದ್ದಾರೆ' ಅಂದ. ಬ್ಯಾಂಕಿನ ಮ್ಯಾನೇಜರು 'ಹೆಬ್ಬೆಟ್ಟು ನಿಮ್ಮ ತಾಯಿಯವರದೇ, ನಾವೇನು ಮಾಡೋಕಾಗುತ್ತೆ' ಅಂದರು. ಈ ಮಾತು ಕೇಳಿದಾಗ ನನಗೆ ನಮ್ಮ ತಾತನ ನೆನಪು ಬಂತು. ಸಾಹುಕಾರ ಖಾಲಿ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದ. ಮೇಲೆ ಎಷ್ಟು ಬರೆದ ಅನ್ನೋದು ತಾತನಿಗೆ ಗೊತ್ತಾಗುತ್ತಿದ್ದದ್ದು ಸುಗ್ಗಿ ಕಣದಲ್ಲಿ. ಕೋರ್ಟಿಗೆ ಹೋದರೂ ಅದೇ ಮಾತು, ಹೆಬ್ಬೆಟ್ಟು ನಿನ್ನದೇ ಅಲ್ಲವಾ ಅಂತ. ಅದಕ್ಕೇ ನಮ್ಮಪ್ಪ ನನ್ನನ್ನು ಹೊಡೆದು ಬಡಿದು ಶಾಲೆಗೆ ಕಳಿಸಿದ, ನೀನಾದರೂ ಸಹಿ ಹಾಕೋದು ಕಲಿ ಅಂತ. ಸಹಿ ಕಲಿತೆ. ಈಗ ರೇಷನ್ನಿಗೆ, ವೇತನಕ್ಕೆ, ಕಿಸಾನ್ ಸಮ್ಮಾನಿಗೆ, ಸಿಮ್ಮಿಗೆ, ಎಲ್ಲದಕ್ಕೂ ಮತ್ತೆ ಹೆಬ್ಬೆಟ್ಟೇ. ಕಾಗದ ಮಾತ್ರ ಕಣ್ಣಿಗೆ ಕಾಣೋದಿಲ್ಲ.

ಬರೀ ಗೋಳು ಹೇಳೋಕೆ ನಾನು ನಿಂತಿಲ್ಲ. ದುಡ್ಡು ಹೇಗೆ ವಾಪಸ್ಸು ಬಂತು ಅನ್ನೋದನ್ನು ಕೇಳಿ.

ನಮ್ಮ ಮಗನ ಸ್ನೇಹಿತನೊಬ್ಬ ಹೇಳಿಕೊಟ್ಟ. ಗ್ರಾಹಕನ ಒಪ್ಪಿಗೆ ಇಲ್ಲದೆ ಎಲೆಕ್ಟ್ರಾನಿಕ್ ರೀತಿಯಲ್ಲಿ ದುಡ್ಡು ಹೋದರೆ ಯಾರು ಹೊಣೆ ಅನ್ನೋದರ ಮೇಲೆ ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಸುತ್ತೋಲೆ ಹೊರಡಿಸಿದೆ. ಬ್ಯಾಂಕಿನದೂ ತಪ್ಪಿಲ್ಲ, ಗ್ರಾಹಕನದೂ ತಪ್ಪಿಲ್ಲ, ಮಧ್ಯೆ ಯಾರೋ ಹೊಡೆದಿದ್ದಾರೆ ಅಂತಾದರೆ, ಬ್ಯಾಂಕಿನಿಂದ ಸುದ್ದಿ ಬಂದ ಮೂರು ಕೆಲಸದ ದಿನದೊಳಗೆ ದೂರು ಕೊಟ್ಟರೆ ಗ್ರಾಹಕನ ಮೇಲೆ ನಷ್ಟ ಇಲ್ಲ. ನಾಲ್ಕರಿಂದ ಏಳು ದಿನ ಆದರೆ ಸ್ವಲ್ಪ ಭಾಗ ಗ್ರಾಹಕನ ಮೇಲೆ. ಏಳು ದಿನ ದಾಟಿದರೆ ಆ ಬ್ಯಾಂಕಿನ ಆಡಳಿತ ಮಂಡಳಿಯ ನಿಯಮ ಹೇಗಿದೆಯೋ ಹಾಗೆ. ಗ್ರಾಹಕನೇ ಪಿನ್ನು, ಓಟಿಪಿ ಹೇಳಿಕೊಟ್ಟಿದ್ದರೆ ದೂರು ಕೊಡುವ ತನಕದ ನಷ್ಟ ಅವನದೇ. ಆದರೆ ಮುಖ್ಯವಾದ ಮಾತು ಇನ್ನೊಂದಿದೆ. ಗ್ರಾಹಕನದು ತಪ್ಪು ಅಂತ ಸಾಬೀತು ಮಾಡೋ ಹೊಣೆ ಬ್ಯಾಂಕಿನದು, ಗ್ರಾಹಕನದಲ್ಲ. ಇದನ್ನು ಯಾವ ಬ್ಯಾಂಕಿನ ಗೋಡೆ ಮೇಲೂ ನಾನು ದಪ್ಪಕ್ಷರದಲ್ಲಿ ನೋಡಿಲ್ಲ. ಸಾಲ ಕಟ್ಟದವರ ಫೋಟೋ ಹಾಕೋದಕ್ಕೆ ಗೋಡೆ ಸಾಲದು ಅವರಿಗೆ.

ಬಾಯಲ್ಲಿ ಹೇಳಿದರೆ ಆಗೋದಿಲ್ಲ ಅಂತ ಬರೆದುಕೊಟ್ಟೆ. ಯಾವ ತಾರೀಕು, ಎಷ್ಟು ಹೊತ್ತು, ಯಾವ ಯಂತ್ರದಿಂದ ಹೆಬ್ಬೆಟ್ಟು ಬಂತು, ಚೀಟಿ ಅಚ್ಚಾಗಿದೆಯಾ, ಆ ಕೇಂದ್ರದವನ ಖಾತೆಗೆ ಎಷ್ಟು ಜಮೆ ಆಯಿತು, ಇಷ್ಟು ತಿಳಿಸಿ ಅಂತ ಕೇಳಿದೆ. ಎರಡು ಪ್ರತಿ ಮಾಡಿ ಒಂದಕ್ಕೆ ಸೀಲು ಹಾಕಿಸಿಕೊಂಡೆ. ಸೀಲು ಹಾಕೋಕೆ ಅರ್ಧ ದಿನ ಕೂರಿಸಿದರು. ಕೂತೆ. ಮೂವತ್ತು ದಿನ ಕಾದೆ, ಉತ್ತರ ಇಲ್ಲ. ಆಮೇಲೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆದೆ. 2021ರಿಂದ ಒಂದೇ ಯೋಜನೆ ಮಾಡಿದ್ದಾರೆ, ಶುಲ್ಕ ಇಲ್ಲ, ವಕೀಲರು ಬೇಡ. ವೆಬ್‌ಸೈಟಿನಲ್ಲಿ ಹಾಕಬಹುದು, ಅಂಚೆಯಲ್ಲೂ ಕಳಿಸಬಹುದು. 14448 ನಂಬರಿಗೆ ಫೋನು ಮಾಡಿದರೆ ದಾರಿ ಹೇಳ್ತಾರೆ. ವೆಬ್‌ಸೈಟಿನ ಮೇಲೆ ಇಷ್ಟೊತ್ತು ಬೈದೆನಲ್ಲ, ದುಡ್ಡು ವಾಪಸ್ಸು ತರಿಸಿದ್ದೂ ಒಂದು ವೆಬ್‌ಸೈಟೇ ಅನ್ನೋದನ್ನು ಒಪ್ಪಿಕೊಳ್ಳಬೇಕು. ಮಗ ಬೆಂಗಳೂರಿನಿಂದ ದೂರು ಹಾಕಿದ, ಸೀಲಿದ್ದ ಪ್ರತಿಯ ಫೋಟೋ ಸೇರಿಸಿದ. ಬ್ಯಾಂಕಿನವರು ಆವಾಗ ಎದ್ದರು. ಆ ಕೇಂದ್ರದವನ ಖಾತೆ ಲೆಕ್ಕ ತೆಗೆಸಿದರು. ಅವ್ವನೊಬ್ಬಳೇ ಅಲ್ಲ, ಇನ್ನೂ ಕೆಲವು ಮುದುಕರ ಖಾತೆಯಲ್ಲಿ ಇದೇ ರೀತಿ ಒಂದೇ ದಿನ ಎರಡೆರಡು ಸಾಲು ಇದ್ದವು.

ನವೆಂಬರ್‌ನಲ್ಲಿ 10,000 ರೂಪಾಯಿ ಜಮೆ ಆಯಿತು. ಏಳು ತಿಂಗಳು. ಅಷ್ಟರಲ್ಲಿ ಕಣ್ಣಿನ ಆಪರೇಷನ್ ಕಾಯೋ ಹಾಗಿರಲಿಲ್ಲ, ಊರಲ್ಲಿ ನೂರಕ್ಕೆ ಮೂರು ರೂಪಾಯಿ ಬಡ್ಡಿಯಲ್ಲಿ 10,000 ಕೈಸಾಲ ತಂದಿದ್ದೆ. ಬಡ್ಡಿ 2,100 ಕಟ್ಟಿದೆ. ಬ್ಯಾಂಕಿನವರನ್ನು ಕೇಳಿದೆ, ಸ್ವಾಮಿ, ನಾನು ನಿಮ್ಮ ಕಂತು ಒಂದು ದಿನ ತಡ ಮಾಡಿದರೆ ಬಡ್ಡಿ ಮೇಲೆ ದಂಡದ ಬಡ್ಡಿ ಹಾಕ್ತೀರಿ, ಇದಕ್ಕೆ ಏನು ಕೊಡ್ತೀರಿ ಅಂತ. 'ಸಾರಿ' ಅಂದರು. ಆ ಸಾರಿಯನ್ನು ಯಾವ ಖಾತೆಗೆ ಜಮೆ ಮಾಡಲಿ?

ಹೆಬ್ಬೆಟ್ಟಿನ ವಿಚಾರ ಇಲ್ಲಿಗೇ ಮುಗಿಯಲ್ಲ. ಅದೇ 2023ರಲ್ಲಿ ಬೆಂಗಳೂರಿನ ಪೊಲೀಸರು ಒಂದು ಜಾಲ ಹಿಡಿದರು. ನೋಂದಣಿ ಇಲಾಖೆಯ ವೆಬ್‌ಸೈಟಿನಿಂದ ಕ್ರಯಪತ್ರಗಳನ್ನು ಇಳಿಸಿಕೊಂಡು, ಅದರ ಮೇಲಿದ್ದ ಬೆರಳಚ್ಚನ್ನು ನಕಲು ಮಾಡಿ, ಆಧಾರ್ ನಂಬರು ಹೊಂದಿಸಿ, ಜನರ ಖಾತೆಯಿಂದ ದುಡ್ಡು ತೆಗೀತಿದ್ದರು. ಜಮೀನು ಇರೋನೇ ಕ್ರಯಪತ್ರ ಮಾಡೋನು, ಅಂದರೆ ನೀವು, ನಾನು. ಹಾಗಾಗಿ ಸೇವಾ ಕೇಂದ್ರದ ಬಾಗಿಲನ್ನೇ ನೋಡದವರ ಬೆರಳೂ ಎಲ್ಲೋ ಒಂದು ಕಡೆ ಇರುತ್ತೆ.

ಆಧಾರ್ ವೆಬ್‌ಸೈಟಿನಲ್ಲೇ ಬೆರಳಿಗೆ ಬೀಗ ಹಾಕೋ ವ್ಯವಸ್ಥೆ ಇದೆ. ಆಧಾರ್‌ಗೆ ನಿಮ್ಮ ಮೊಬೈಲು ನಂಬರು ಸೇರಿರಬೇಕು. ಬೀಗ ಹಾಕಿದರೆ ನಿಮ್ಮ ಬೆರಳಿನಿಂದ ಯಾರೂ ಏನೂ ತೆಗೆಯೋಕಾಗಲ್ಲ. ನನ್ನದಕ್ಕೆ ಹಾಕಿದ್ದೀನಿ, ಬೇಕಾದಾಗ ಸ್ವಲ್ಪ ಹೊತ್ತು ತೆಗೆದು ಕೆಲಸ ಮುಗಿಸ್ತೀನಿ. ಅವ್ವನದಕ್ಕೆ ಹಾಕಿಲ್ಲ. ಯಾಕೆ ಅಂದರೆ ಅವಳು ರೇಷನ್ ಅಂಗಡಿಗೆ ಹೋದಾಗ ನಾನು ತೋಟದಲ್ಲಿರ್ತೀನಿ, ಬೀಗ ತೆಗೆಯೋರು ಯಾರು? ಬರಿಗೈಲಿ ವಾಪಸ್ಸು ಬರ್ತಾಳೆ. ಅದಕ್ಕೆ ಬೇರೆ ದಾರಿ ಮಾಡಿದ್ದೀನಿ. ವೇತನ ಬರೋ ಖಾತೆಯಲ್ಲಿ ಒಂದು ಸಾವಿರ, ಎರಡು ಸಾವಿರಕ್ಕಿಂತ ಹೆಚ್ಚು ಇಡೋದಿಲ್ಲ. ಉಳಿದದ್ದು ಅವಳ ಹೆಸರಲ್ಲೇ ನಿಶ್ಚಿತ ಠೇವಣಿ. ಕಳ್ಳ ಬಂದರೂ ಒಂದು ಸಾವಿರ ಹೊತ್ತುಕೊಂಡು ಹೋಗಲಿ.

ಕಿಸಾನ್ ಸಮ್ಮಾನ್ ದುಡ್ಡು ಬಾರದವರು ಇಲ್ಲಿ ಬಹಳ ಜನ ಇದ್ದೀರಿ ಅಂತ ಕೇಳಿದೆ. ವರ್ಷಕ್ಕೆ 6,000, ನಾಲ್ಕು ತಿಂಗಳಿಗೊಮ್ಮೆ 2,000. ನಮ್ಮಣ್ಣನಿಗೆ ಎರಡು ಕಂತು ಬರಲಿಲ್ಲ. ವೆಬ್‌ಸೈಟಿನಲ್ಲಿ ನೋಡಿದರೆ 'ಜಮೆ ಆಗಿದೆ' ಅಂತಿದೆ. ಪಾಸ್‌ಬುಕ್ಕಿನಲ್ಲಿ ಇಲ್ಲ. ಅಣ್ಣ ಅಧಿಕಾರಿಗಳನ್ನು ಬೈದ, ಸರ್ಕಾರವನ್ನು ಬೈದ, ನನ್ನನ್ನೂ ಬೈದ. ವಿಷಯ ಏನು ಅಂದರೆ, ಆಧಾರ್ ಮೇಲೆ ಬರೋ ದುಡ್ಡು ನೀವು ಯಾವ ಖಾತೆ ನಂಬರು ಬರೆದುಕೊಟ್ಟಿದ್ದೀರಿ ಅಂತ ನೋಡೋದಿಲ್ಲ. ಸರ್ಕಾರದ ದುಡ್ಡು ಬರೋಕೆ ಅಂತ ಕಡೆಯದಾಗಿ ಯಾವ ಬ್ಯಾಂಕಿಗೆ ಆಧಾರ್ ಜೋಡಣೆ ಆಗಿದೆಯೋ ಅಲ್ಲಿಗೆ ಹೋಗುತ್ತೆ. ಸಂತೆಯಲ್ಲಿ ಒಬ್ಬ ಹುಡುಗ ಛತ್ರಿ ಕೆಳಗೆ ಕೂತು 'ಜೀರೋ ಬ್ಯಾಲೆನ್ಸ್ ಖಾತೆ, ಪುಕ್ಕಟೆ' ಅಂತ ಅಣ್ಣನ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ. ಪಾಸ್‌ಬುಕ್ಕೂ ಕೊಟ್ಟಿರಲಿಲ್ಲ. 4,000 ರೂಪಾಯಿ ಆ ಖಾತೆಯಲ್ಲಿ ಬೆಚ್ಚಗೆ ಕೂತಿತ್ತು. ಆಧಾರ್ ವೆಬ್‌ಸೈಟಿನಲ್ಲಿ ಯಾವ ಬ್ಯಾಂಕಿಗೆ ಜೋಡಣೆ ಆಗಿದೆ ಅಂತ ನೋಡಬಹುದು. ಅಲೆದಾಡೋ ಮುಂಚೆ ಅದನ್ನು ನೋಡಿ.

ಇನ್ನು ಸಣ್ಣಪುಟ್ಟವು. ಎಟಿಎಂನಲ್ಲಿ ದುಡ್ಡು ಬರದೆ ಖಾತೆಯಲ್ಲಿ ಕಡಿತ ಆದರೆ ಐದು ದಿನದೊಳಗೆ ಬ್ಯಾಂಕು ತಾನಾಗೇ ವಾಪಸ್ಸು ಹಾಕಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಕೊಡಬೇಕು ಅಂತ 2019ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕು ಹೇಳಿದೆ. ಹಸು ಮಾರಾಟಕ್ಕಿದೆ ಅಂತ ಫೋನಿನಲ್ಲಿ ಹಾಕಿದರೆ, ಮುಖ ನೋಡದವನು 'ಅಡ್ವಾನ್ಸ್ ಕಳಿಸ್ತೀನಿ, ಈ ಚೌಕಾಕಾರದ ಚಿತ್ರ ಸ್ಕ್ಯಾನ್ ಮಾಡಿ ಪಿನ್ ಒತ್ತಿ' ಅಂತಾನೆ. ದುಡ್ಡು ಬರೋದಕ್ಕೆ ಪಿನ್ ಬೇಕಾಗಿಲ್ಲ, ಹೋಗೋದಕ್ಕೆ ಮಾತ್ರ ಬೇಕು. ವಾಟ್ಸಾಪಿನಲ್ಲಿ ಕಿಸಾನ್ ಯೋಜನೆ ಅಂತ ಹೆಸರಿಟ್ಟು ಎಪಿಕೆ ಅನ್ನೋ ಕಡತ ಕಳಿಸ್ತಾರೆ, ಒತ್ತಿದರೆ ಫೋನೇ ಅವರ ಕೈಗೆ ಹೋಗುತ್ತೆ. ನಮ್ಮೂರಿನ ಗುಂಪಿನಲ್ಲಿ ಅದನ್ನು ಮುಂದಕ್ಕೆ ಕಳಿಸಿದವರು ಮೇಷ್ಟ್ರು, ಅವರನ್ನು ನಂಬಿ ಮೂವರು ಒತ್ತಿದರು. ಬ್ಯಾಂಕಿನ ಫೋನು ನಂಬರನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಬೇಡಿ, ಪಾಸ್‌ಬುಕ್ಕಿನ ಮೇಲೆ ಇರೋದನ್ನೇ ನೋಡಿ. ದುಡ್ಡು ಹೋಯಿತು ಅಂತ ಗೊತ್ತಾದ ಕೂಡಲೇ 1930ಕ್ಕೆ ಫೋನು ಮಾಡಿ. ಬೆಳಗಾಗಲಿ, ಮಗ ಬರಲಿ, ಅಧ್ಯಕ್ಷರನ್ನು ಕೇಳೋಣ ಅಂತ ಕಾಯಬೇಡಿ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರೋ ಮುಂಚೆ ತಡೆಯೋಕೆ ಗಂಟೆಗಳ ಲೆಕ್ಕ.

ಸೇವಾ ಕೇಂದ್ರದವರೆಲ್ಲ ಕಳ್ಳರು ಅಂತ ನಾನು ಹೇಳ್ತಿಲ್ಲ. ನಮ್ಮ ಪಕ್ಕದ ಊರಿನ ಹೆಣ್ಣುಮಗಳು ಒಬ್ಬಳು ಕೇಂದ್ರ ನಡೆಸ್ತಾಳೆ. ಒಂದೊಂದಕ್ಕೂ ಚೀಟಿ ಕೊಡ್ತಾಳೆ, ಉಳಿದದ್ದು ಎಷ್ಟು ಅಂತ ಜೋರಾಗಿ ಓದಿ ಹೇಳ್ತಾಳೆ. ಈಗ ಅವ್ವ ಎರಡು ಮೈಲಿ ಹೆಚ್ಚಾದರೂ ಅಲ್ಲಿಗೇ ಹೋಗೋದು. ಆಪರೇಷನ್ ಆಗಿ ಕಣ್ಣು ಕಾಣುತ್ತೆ. ಅಕ್ಷರ ಬರದಿದ್ದರೂ ಅಂಕಿ ಬರುತ್ತೆ ಅವಳಿಗೆ, ಸಂತೆಯಲ್ಲಿ ಮೇಕೆ ಮಾರಿದವಳು. ಚೀಟಿ ಕೈಗೆ ಬರೋವರೆಗೂ ಕುರ್ಚಿ ಬಿಟ್ಟು ಏಳೋದಿಲ್ಲ.

ನಾನು ಹೇಳೋದು ಇಷ್ಟೇ ಇತ್ತು. ಊಟಕ್ಕೆ ಇನ್ನೂ ಅರ್ಧ ಗಂಟೆ ಇದೆಯಂತೆ. ಫೋನು ತಂದಿರೋರು ಈ ಕಡೆ ಹುಣಸೆಮರದ ಕೆಳಗೆ ಬನ್ನಿ, ಇಲ್ಲಿ ಸಿಗ್ನಲ್ ಸರಿಯಾಗಿ ಸಿಗುತ್ತೆ. ಸರ್ವೆ ನಂಬರು, ಹಿಸ್ಸಾ ನಂಬರು ನೆನಪಿದ್ದರೆ ಸಾಕು. ಒಬ್ಬೊಬ್ಬರದೇ ಪಹಣಿ ತೆಗೆದು ಹನ್ನೊಂದನೇ ಕಲಂ ನೋಡೋಣ.